ಅವ್ವನ ನಡಿಗೆಯ ಪರೀಕ್ಷೆ

ತಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ವಯಸ್ಸು 85. ನಮ್ಮೂರ ಮೇಲೆ ಹಾಯ್ದು ಕುಷ್ಟಗಿಗೆ ಹೋಗುವ ರೈಲು 2025ರ ಮೇ ತಿಂಗಳಲ್ಲಿ ಆರಂಭವಾದಂದಿನಿಂದ, ಅದರಲ್ಲಿ ಕುಳಿತು ತಂಗಿಯನ್ನು ನೋಡಿಬರಬೇಕೆಂಬುದು ಅವಳ ಹಂಬಲ. ನನ್ನ ತಮ್ಮನಾದರೋ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಇರಿಸಿಕೊಳ್ಳಬೇಕೆನ್ನುತ್ತಾನೆ. ಅವಳಿಗೆ ನಡೆಯಲು ಆಗುತ್ತದೆಯೋ ಇಲ್ಲವೋ ಎಂದು ನಾವಿಬ್ಬರೂ ವಾದಿಸುತ್ತಿದ್ದೆವು. ಅಳೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಅಳೆಯುವ ಕ್ರಮ ಸರಳವಾದುದು. 1991ರಲ್ಲಿ ಕೆನಡಾದ ಇಬ್ಬರು ತಜ್ಞರು ಅದನ್ನು ಪ್ರಕಟಿಸಿದರು. ಕೈಗಳುಳ್ಳ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ವೇಗ ಎಂದಿನದೇ ಇರಬೇಕು. ಕೋಲು ಹಿಡಿಯುವವರು ಹಿಡಿಯಬಹುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 2017-18ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ವೃದ್ಧಾಪ್ಯದ ಅಧ್ಯಯನದಲ್ಲಿಯೂ ಮನೆಮನೆಗೆ ಹೋಗಿ ಹಿರಿಯರ 4 ಮೀಟರ್ ನಡಿಗೆಯನ್ನು ಅಳೆದಿದ್ದರು.

ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ.

"ಈ ವಯಸ್ಸಿನ್ಯಾಗ ನನಗೂ ಪರೀಕ್ಷಾ ಇಟ್ಟೀಯೇನು ಮಾಸ್ತರ?" ಎಂದು ಅವ್ವ ನಕ್ಕಳು.

ನಾನು ಪಕ್ಕದಲ್ಲಿಯೇ ನಡೆದೆ. 19 ಸೆಕೆಂಡು ಹಿಡಿಯಿತು. ನೇರ ನಡಿಗೆಗಿಂತ ಏಳುವುದಕ್ಕೂ ತಿರುಗುವುದಕ್ಕೂ ಹೆಚ್ಚು ಹೊತ್ತಾಯಿತು. ನಡುವೆ ಮಾತನಾಡಿಸಿದರೆ ನಿಂತುಬಿಡುತ್ತಿದ್ದಳು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೂ ಗಮನಿಸಿದ್ದರು: ಮಾತಿಗೆ ನಿಂತ 12 ವೃದ್ಧರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದಿದ್ದರು.

ಆಗ ಮೆಲ್ಲನೆ ಕೇಳಿದೆ, "ಬಿದ್ದಿದ್ದೇನವ್ವಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಎರಡು ಸಲ. ರಾತ್ರಿ ಹಿತ್ತಲಕ ಹೋಗುವಾಗ. ಹೇಳಿದ್ರ ನೀವು ಊರು ಬಿಡಿಸ್ತಿದ್ರಿ."

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ, ಮನೆಯೊಳಗಿನ ಅಂಜಿಕೆ ಕಾಣಿಸಿರಲಿಲ್ಲ.

ಕೊಪ್ಪಳದ ವೈದ್ಯರು ಮಲಗಿದಾಗಲೂ ಎದ್ದು ನಿಂತಾಗಲೂ ರಕ್ತದೊತ್ತಡ ನೋಡಿದರು. ನಿಂತೊಡನೆ ಅದು ಇಳಿಯುತ್ತಿತ್ತು, ಗುಳಿಗೆ ಬದಲಾಯಿಸಿದರು. ಹಿತ್ತಲ ಬಾಗಿಲಿಗೆ ದೀಪ ಹಾಕಿಸಿದೆವು, ಗೋಡೆಗೆ ಹಿಡಿಕೆ ಕೂರಿಸಿದೆವು. ರಾತ್ರಿ ಜೊತೆಗೆ ಮಲಗಲು ಪಕ್ಕದ ಮನೆಯವರು ಒಪ್ಪಿದರು. ದಿನಾಲು ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವ ಅಭ್ಯಾಸವನ್ನೂ ಅವ್ವ ಮಾಡುತ್ತಿದ್ದಾಳೆ. ಮೂರು ತಿಂಗಳ ನಂತರ 15 ಸೆಕೆಂಡು. ಉತ್ತೀರ್ಣಳಾಗಿಲ್ಲ, ಆದರೆ ತಮ್ಮ ಹುಬ್ಬಳ್ಳಿಯ ಮಾತು ಬಿಟ್ಟಿದ್ದಾನೆ. ಕುಷ್ಟಗಿಗೆ ಅವಳ ಜೊತೆ ನಾವಿಬ್ಬರೂ ಹೋಗುವುದೆಂದು ನಿಶ್ಚಯಿಸಿದ್ದೇವೆ.

ಪ್ರಿಯ ವಿದ್ಯಾರ್ಥಿಗಳೇ, ಈ ಸಲ ಊರಿಗೆ ಹೋದಾಗ ನಿಮ್ಮ ಹಿರಿಯರನ್ನೂ ಮೂರು ಮೀಟರ್ ನಡೆಸಿ ನೋಡಿರಿ. ಗಡಿಯಾರ ನೋಡಿದ ಮೇಲೆ, ಅವರ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆಯನ್ನೂ ಕೇಳಿರಿ.