ಏರಿ ಅಂದರೆ ಯಾವ ಏರಿ?

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಆರು ಗಂಟೆಗೆ ಚೆನ್ನೈನ ವೇಳಚ್ಚೇರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಬಾಗಿಲ ಮುಂದೆ ಬ್ಯಾಟರಿ, ತಂತಿ, ರೇಡಿಯೋ ಹೊತ್ತು ನಿಂತಿದ್ದೆ. ಬಾಗಿಲಿಗೆ ಬೀಗ. ಕೀಲಿ ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ, ಸೆಕ್ರೆಟರಿ ವಾಕಿಂಗಿಗೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೆ ನನ್ನ ಕೈಲಿದ್ದ ಕಾಗದದ ಪ್ರಕಾರ ಚಂಡಮಾರುತ ಹಿಂದಿನ ರಾತ್ರಿಯೇ ದಡ ಮುಟ್ಟಿ, ಮೊಬೈಲ್ ಟವರುಗಳೆಲ್ಲ ಸತ್ತು ಹೋಗಿ ಮೂರು ಗಂಟೆಯಾಗಿತ್ತು.

ಇದು ನಮ್ಮ ಹ್ಯಾಮ್ ರೇಡಿಯೋ ಗೆಳೆಯರ ತಾಲೀಮು. ಇಲ್ಲಿ ಈಶಾನ್ಯ ಮಾರುತದ ಮಳೆ ಶುರುವಾಗುವುದು ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ಒಮ್ಮೆ, ಎಲ್ಲ ಕೈಕೊಟ್ಟರೆ ಯಾರು ಎಲ್ಲಿ ಕೂತು ಏನು ಹೇಳಬೇಕು ಎಂದು ಮಾಡಿ ನೋಡುವುದು. ಈ ಸಲ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನಾನು ಈ ಹವ್ಯಾಸಕ್ಕೆ ಬಿದ್ದದ್ದು 2015ರಿಂದಾಗಿ. ಡಿಸೆಂಬರ್ 1ರಿಂದ ಮರುದಿನ ಬೆಳಗಿನವರೆಗೆ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ. ಅಡ್ಯಾರ್ ನದಿ ದಂಡೆ ಮೀರಿತು, ವಿಮಾನ ನಿಲ್ದಾಣ ಮುಚ್ಚಿತು. ನಾವಿದ್ದದ್ದು ಮೊದಲ ಮಹಡಿ, ಹೆಂಡತಿಗೆ ಏಳನೇ ತಿಂಗಳು. ಕೆಳಗಿನ ಮನೆಯವರು ಅಕ್ಕಿ ಡಬ್ಬ ಹೊತ್ತು ನಮ್ಮ ಹಾಲಿಗೇ ಬಂದರು. ಫೋನು ಸತ್ತಿತ್ತು. ಶಿಕಾರಿಪುರದ ಹತ್ತಿರದ ಊರಲ್ಲಿ ಅಪ್ಪ ಟಿವಿಯಲ್ಲಿ ವೇಳಚ್ಚೇರಿಯ ಬೀದಿಯಲ್ಲಿ ದೋಣಿ ಹೋಗುವುದನ್ನು ನೋಡುತ್ತ ಮೂರು ದಿನ ಕೂತಿದ್ದರಂತೆ. ನಾಲ್ಕನೇ ದಿನ ಲೈನು ಸಿಕ್ಕಾಗ ಅವರು ಕೇಳಿದ್ದು ಒಂದೇ, "ಊಟ ಆಯ್ತಾ?" ಆಮೇಲೆ ಅಮ್ಮನ ಕೈಗೆ ಫೋನು ಕೊಟ್ಟುಬಿಟ್ಟರು. ಅಪ್ಪ ಅಳುವುದನ್ನು ನಾನು ಕೇಳಬಾರದಿತ್ತು ಅಂತ ಕಾಣುತ್ತದೆ.

ಪರೀಕ್ಷೆ ಬರೆದೆ, ಲೈಸೆನ್ಸ್ ಬಂತು. ಕಲಿತ ಮೇಲೆ ಗೊತ್ತಾಯಿತು, ಸಾಮಾನ್ಯ ದಿನಗಳಲ್ಲಿ ಇದರಲ್ಲಿ ಮೂರನೆಯವರ ಖಾಸಗಿ ಸಂದೇಶ ಸಾಗಿಸುವಂತಿಲ್ಲ. ಅಂದರೆ ತಾಲೀಮಿನ ದಿನ "ನಾನು ಚೆನ್ನಾಗಿದ್ದೇನೆ" ಎಂದು ಅಪ್ಪನಿಗೆ ಹೇಳಿಕಳಿಸಲೂ ಅವಕಾಶವಿಲ್ಲ! ಯಾವುದಕ್ಕೆಂದು ಕಲಿತೆನೋ ಅದಕ್ಕೇ ಇಲ್ಲ. ಆದರೂ ಬಿಡಲಿಲ್ಲ. 2004ರ ಸುನಾಮಿಯ ದಿನ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಕ್ಕೆಂದು ಹೋಗಿದ್ದ ಭಾರತಿ ಪ್ರಸಾದ್ ಮತ್ತು ತಂಡ ಅದೇ ರೇಡಿಯೋಗಳಿಂದ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದನ್ನು ಓದಿದವರಿಗೆ ಬಿಡಲು ಮನಸ್ಸು ಬರುವುದಿಲ್ಲ.

ಯೋಜನೆ ಬರೆಯಲು ಮೊದಲು ಗೂಗಲ್ ಮ್ಯಾಪ್ ತೆರೆದು ಕೂತೆ, ಆಫೀಸಿನ ಅಭ್ಯಾಸ. ಗುಂಪಿನ ಹಿರಿಯರೊಬ್ಬರು ನೋಡಿ ನಕ್ಕು, "ತಂಬೀ, ಸ್ಕೂಟರ್ ತೆಗಿ" ಅಂದರು. ಎರಡು ಶನಿವಾರ ಅವರನ್ನು ಹಿಂದೆ ಕೂರಿಸಿಕೊಂಡು ಸುತ್ತಿದೆ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಹೆಚ್ಚುವರಿ ನೀರು ಇಳಿಯುವುದು ಪಳ್ಳಿಕರಣೆ ಜೌಗಿಗೆ. ಅಲ್ಲಿಂದ ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ, ಆಮೇಲೆ ಕೋವಳಂ ಹತ್ತಿರ ಸಮುದ್ರ. 2022ರಲ್ಲಿ ಅದು ರಾಮ್‌ಸಾರ್ ತಾಣವಾಯಿತು. ಆದರೆ ರಸ್ತೆಯ ಈಚೆ ನಿಂತು ನೋಡಿದರೆ ಒಂದು ಕಡೆ ಕಸದ ಗುಡ್ಡ, ಇನ್ನೊಂದು ಕಡೆ ನಾನು ಕೆಲಸ ಮಾಡುವಂಥದೇ ಗಾಜಿನ ಕಟ್ಟಡಗಳು, ನಡುವೆ ಕೊಕ್ಕರೆಗಳು. ನೀರು ಹೋಗುವ ದಾರಿಯಲ್ಲಿ ನಾವೇ ಮನೆ ಮಾಡಿಕೊಂಡಿದ್ದೇವೆ. ನನ್ನ ಹೋಮ್ ಲೋನೂ ಅದೇ ದಾರಿಯಲ್ಲಿದೆ.

ತಿರುಗಿದಾಗ ಸಿಕ್ಕ ಸಣ್ಣ ಸಂಗತಿಗಳೇ ಯೋಜನೆಯನ್ನು ಬದಲಿಸಿದವು. ರಾಮ್ ನಗರ ಎಂದರೆ ಮಡಿಪಾಕ್ಕಂನದೋ ವೇಳಚ್ಚೇರಿಯದೋ ಹೇಳಲೇಬೇಕು. ಪಾರ್ಕಿಂಗಿನಲ್ಲಿ 5 ವಾಟ್‌ನ ಕೈಸೆಟ್ಟು ಪಕ್ಕದ ಬೀದಿಗೂ ಕೇಳಿಸದು, ಅದೇ ಸೆಟ್ಟು ಟೆರೇಸಿನಿಂದ ನಂಗನಲ್ಲೂರಿನವರೆಗೆ ಸಲೀಸಾಗಿ ಹೋಗುತ್ತದೆ. ರಿಪೀಟರ್ ಕೆಟ್ಟಿದೆ ಎಂದೇ ಇಟ್ಟುಕೊಂಡು, 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಟೆರೇಸಿನಿಂದ ಟೆರೇಸಿಗೆ ಮಾತು ದಾಟಿಸುವುದೆಂದು ಆಯಿತು. ಬೆಂಗಳೂರಿನ ಗೆಳೆಯರಿಗೆ 7 ಮೆಗಾಹರ್ಟ್ಸ್‌ನಲ್ಲಿ, ಹಗಲಲ್ಲಿ ಮಾತ್ರ. ಕತ್ತಲಾದ ಮೇಲೆ ಆ ಅಲೆ ಹತ್ತಿರದ ಊರನ್ನು ಹಾರಿ ದೂರ ಹೋಗಿಬಿಡುವುದುಂಟು.

ತಾಲೀಮಿನ ದಿನ ಕೀಲಿ ಸಿಕ್ಕಿದ್ದು ಏಳು ಗಂಟೆಗೆ. ಪ್ರತಿ ಸಂದೇಶದ ಮೊದಲೂ ಕೊನೆಗೂ "ಇದು ತಾಲೀಮು" ಎನ್ನಬೇಕು, ಕೇಳಿದವರು ಗಾಬರಿಯಾಗಬಾರದಲ್ಲ. ಒಂಬತ್ತರವರೆಗೆ ಚೆನ್ನಾಗಿಯೇ ನಡೆಯಿತು. ಆಗ ಕೆರೆ ಹತ್ತಿರ ನಿಂತಿದ್ದ ಹುಡುಗ ಅವಸರದಲ್ಲಿ ತಮಿಳಿನಲ್ಲೇ ಹೇಳಿದ: "ಏರಿ ತಣ್ಣಿ ರೋಡುಕ್ಕು ವಂದುಡುಚ್ಚು, ಮುಳಂಗಾಲ್ ಅಳವು."

ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ತಮಿಳಿನಲ್ಲಿ ಏರಿ ಎಂದರೆ ಕೆರೆ ಅಂತ ಗೊತ್ತು. ಆದರೆ ಬಿಸಿಲಲ್ಲಿ, ಕಿವಿಗೆ ಹೆಡ್‌ಫೋನ್ ಇಟ್ಟು ಬರೆಯುತ್ತಿದ್ದ ಕೈ ಮಾತ್ರ ಶಿಕಾರಿಪುರದ್ದು. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. "ಏರಿ ಮೇಲೆ ಹಾದು ನೀರು ರಸ್ತೆಗೆ, ಮೊಣಕಾಲುದ್ದ" ಎಂದು ಇಂಗ್ಲಿಷಿನಲ್ಲಿ ಬರೆದು ನಂಗನಲ್ಲೂರಿಗೆ ದಾಟಿಸಿದೆ. ಕೆರೆ ನೀರು ರಸ್ತೆಗೆ ಬರುವುದು ಬೇರೆ, ಮಣ್ಣಿನ ಏರಿ ಮೇಲೆ ನೀರು ಹಾಯುವುದು ಬೇರೆ. ಎರಡನೆಯದಾದರೆ ಏರಿ ಯಾವ ಗಳಿಗೆಯಲ್ಲಾದರೂ ಒಡೆದೀತು. ಕೇಂದ್ರದಲ್ಲಿದ್ದವರು ಸರಿಯಾಗಿಯೇ ನಡೆದುಕೊಂಡರು. ಕಾಗದದ ಮೇಲಿದ್ದ ಎರಡೂ ವ್ಯಾನುಗಳನ್ನು ಕೆರೆ ಕೆಳಗಿನ ಬೀದಿಗಳಿಗೆ ತಿರುಗಿಸಿದರು. ಅದರಲ್ಲೊಂದು ವೇಳಚ್ಚೇರಿಯ ಡಯಾಲಿಸಿಸ್ ರೋಗಿಯನ್ನು ಕರೆತರಬೇಕಿತ್ತು. ರೋಗಿಯೂ ಕಾಗದದವರೇ, ನಾನೇ ಬರೆದವರು. ವಯಸ್ಸು 68 ಎಂದು ಹಾಕಿದ್ದೆ, ಆಗ ಅಪ್ಪನ ವಯಸ್ಸೂ ಅಷ್ಟೇ.

ತಪ್ಪು ಗೊತ್ತಾಗಿದ್ದು ಮಧ್ಯಾಹ್ನ ಎಲ್ಲರ ಕಾಗದ ಹೋಲಿಸಿದಾಗ. ಯಾರೂ ಬೈಯಲಿಲ್ಲ. ಮೊಸರನ್ನದ ಪೊಟ್ಟಣ ಬಿಚ್ಚುತ್ತ ಹಿರಿಯರು, "ಅವನು ಹೇಳಿದ್ದನ್ನೇ ಬರೆದು, ಅವನಿಗೇ ಓದಿ ಹೇಳಬೇಕಿತ್ತು" ಅಂದರು, ಅಷ್ಟೇ.

ಸಂಜೆ ಅಪ್ಪನಿಗೆ ಫೋನು ಮಾಡಿ ಇದನ್ನು ಹೇಳಿದೆ. ಕೆರೆ ಕೆಳಗೆ ಗದ್ದೆ ಮಾಡಿದವರು. ನಗಲಿಲ್ಲ. "ಮೊದಲು ಕೋಡಿ ಬಿದ್ದಿದೆಯಾ ಕೇಳಬೇಕು ಕಣಪ್ಪಾ. ಕೋಡಿ ಹರೀತಾ ಇದ್ರೆ ಕೆರೆ ಉಸಿರಾಡ್ತಾ ಇದೆ ಅಂತ. ಏರಿ ಜಿನುಗ್ತಾ ಇದ್ರೆ ಮಾತ್ರ ಓಡಬೇಕು."

ಕೋಡಿಗೆ ಇಲ್ಲಿ ಕಲಂಗಲ್ ಎನ್ನುತ್ತಾರೆ, ಏರಿಗೆ ಕರೈ. ನಮ್ಮ ಸಂದೇಶದ ನಮೂನೆಯಲ್ಲಿ ಈಗ ಎರಡು ಹೊಸ ಚೌಕ ಇವೆ: ಕಲಂಗಲ್ ಹರಿಯುತ್ತಿದೆಯೇ, ಕರೈ ಜಿನುಗುತ್ತಿದೆಯೇ. ಕೇಳಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಲು ಒಂದು ಸಾಲೂ ಇದೆ. ಟೆರೇಸಿನ ಇನ್ನೊಂದು ಕೀಲಿಗೆ ಅಸೋಸಿಯೇಷನ್‌ಗೆ ಅರ್ಜಿ ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದಿದ್ದಾರೆ.