ಮಂಜಿನಲ್ಲಿ ಒಂದು ದಿನ: ದೆಹಲಿಯಿಂದ ಆಗ್ರಾದವರೆಗೆ

ಕಳೆದ ಜನವರಿ ತಿಂಗಳಲ್ಲಿ ವಿಚಾರಗೋಷ್ಠಿಯೊಂದರ ನಿಮಿತ್ತ ನಾವು ದೆಹಲಿಗೆ ಹೋಗಬೇಕಾಯಿತು. ನಮ್ಮೊಡನೆ ನಮ್ಮ ಮನೆಯವರೂ ಅವರ ಅಕ್ಕನವರೂ ಬಂದಿದ್ದರು. ಅಕ್ಕನವರಿಗೆ ಎಪ್ಪತ್ತು ದಾಟಿದೆ. ಅವರ ಪತಿ ಹಳ್ಳಿಯ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದರು. ಹಳೆಯ ಕ್ಯಾಲೆಂಡರೊಂದರ ತಾಜಮಹಲಿನ ಚಿತ್ರವನ್ನು ಕತ್ತರಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದ್ದರು. ನಿವೃತ್ತಿಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸುವುದಾಗಿ ಮೂವತ್ತು ವರ್ಷ ಹೇಳುತ್ತ ಬಂದರು. ಒಂದಲ್ಲ ಒಂದು ಅಡ್ಡಿ ಬಂದಿತು. ಎರಡು ವರ್ಷಗಳ ಹಿಂದೆ ಅವರು ಲಿಂಗೈಕ್ಯರಾದರು.

ಗೋಷ್ಠಿ ಬುಧವಾರ ಮುಗಿಯಿತು. ಶನಿವಾರ ಬೆಳಿಗ್ಗೆ ನಮ್ಮ ರೈಲು. ಶುಕ್ರವಾರ ತಾಜಮಹಲಿಗೆ ಪ್ರವಾಸಿಗರ ಪ್ರವೇಶವಿಲ್ಲ. ಹೀಗಾಗಿ ಉಳಿದದ್ದು ಗುರುವಾರವೊಂದೇ. ಮಾರ್ಗದರ್ಶಿಯೊಬ್ಬರು ಜೊತೆಗಿದ್ದು ಬೆಳಿಗ್ಗೆ ಕರೆದೊಯ್ದು ರಾತ್ರಿ ಮರಳಿ ತಂದುಬಿಡುವ ಒಂದು ದಿನದ ಬಸ್ ಪ್ರವಾಸಕ್ಕೆ ಮೂರು ಟಿಕೀಟು ಕೊಂಡೆವು.

ಅಂದು ನಸುಕಿನ ನಾಲ್ಕಕ್ಕೆ ಎದ್ದು ಸ್ನಾನ, ಲಿಂಗಪೂಜೆಗಳನ್ನು ತೀರಿಸಿದೆವು. ಉತ್ತರದ ಚಳಿ ನಮ್ಮ ಕಡೆಯವರು ಎಣಿಸುವಂಥದಲ್ಲ. ನಳದ ನೀರು ಬೆರಳನ್ನು ಕಚ್ಚುತ್ತದೆ. ಕಂಬಳಿ ಹೊದ್ದು, ಕಿವಿಗೆ ಮಫ್ಲರ್ ಸುತ್ತಿ ಆರು ಗಂಟೆಗೆ ಬಸ್ಸು ಹತ್ತಿದಾಗ ಹೊರಗೆ ಇನ್ನೂ ಕತ್ತಲೆ. ಸುಮಾರು ಇಪ್ಪತ್ತೈದು ಜನ ಸಹಪ್ರಯಾಣಿಕರಿದ್ದರು. ಮಾರ್ಗದರ್ಶಿ ಆಗ್ರಾದವರೇ, ಇತಿಹಾಸದಲ್ಲಿ ಎಂ.ಎ. ಮಾಡಿದವರು. ಚಾಲಕ ನಮ್ಮದೇ ವಯಸ್ಸಿನ, ಮಾತು ಕಡಿಮೆಯಾದ ಒಬ್ಬ ಹಿರಿಯ.

ದೆಹಲಿಯ ಸೆರಗಿನಲ್ಲಿರುವ ಗ್ರೇಟರ್ ನೋಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯಿದೆ. 2012ರಲ್ಲಿ ತೆರೆದ ಈ ರಸ್ತೆ ಬಾಣದಂತೆ ನೇರವಾಗಿದೆ. ಒಳ್ಳೆಯ ಹವೆಯಿದ್ದರೆ ಹತ್ತು ಗಂಟೆಗೆಲ್ಲ ಆಗ್ರಾ ಸೇರಬಹುದು. ಆದರೆ ಅಂದು ಬೆಳಕು ಹರಿದಾಗ ನಮಗೆ ಕಂಡದ್ದು ರಸ್ತೆಯಲ್ಲ, ಹೊಲವಲ್ಲ, ಬರಿಯ ಬಿಳುಪು. ಆ ಸೀಮೆಯವರು ಇದನ್ನು ಕೋಹರಾ ಎನ್ನುತ್ತಾರೆ.

ಈ ಮಂಜು ನಮ್ಮ ಮಲೆನಾಡಿನ ಬೆಟ್ಟಗಳ ಮೇಲೆ ತೇಲಿ ಹೋಗುವ ಮಂಜಿನಂತಲ್ಲ. ಗಂಗಾ ಯಮುನೆಗಳ ಬಯಲು ವಿಶಾಲವಾದ ತಟ್ಟೆಯಂತಿದೆ. ಡಿಸೆಂಬರ್, ಜನವರಿಗಳ ದೀರ್ಘ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನದಿ, ಕಾಲುವೆ, ನೀರುಣಿಸಿದ ಗೋದಿಯ ಹೊಲಗಳಿಂದ ಮೇಲೆದ್ದ ತೇವ ಆ ತಂಪಿಗೆ ಸಣ್ಣ ಸಣ್ಣ ಹನಿಗಳಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಹೊಗೆ ಧೂಳುಗಳ ಕಣಗಳು ಆ ಹನಿಗಳಿಗೆ ಆಸರೆಯಾಗುತ್ತವೆ. ಗಾಳಿ ಬೀಸದಿದ್ದರೆ ಅದು ಕದಲುವುದಿಲ್ಲ. ಐವತ್ತು ಮೀಟರಿನಾಚೆ ಏನೂ ಕಾಣದಾದರೆ ಹವಾಮಾನ ಇಲಾಖೆಯವರು ಅದನ್ನು ಅತಿ ದಟ್ಟ ಮಂಜು ಎನ್ನುತ್ತಾರೆ. ಅಂದು ನಮ್ಮ ಮುಂದಿನ ವಾಹನದ ಕೆಂಪು ದೀಪ ಹತ್ತು ಮಾರು ದೂರಕ್ಕೇ ಕರಗಿ ಹೋಗುತ್ತಿತ್ತು. ಸಣ್ಣ ವಾಹನಗಳಿಗೆ ಗಂಟೆಗೆ 100 ಕಿಲೋಮೀಟರ್ ಇರುವ ವೇಗದ ಮಿತಿಯನ್ನು ಈ ರಸ್ತೆಯಲ್ಲಿ ಚಳಿಗಾಲಕ್ಕೆಂದು 75ಕ್ಕೆ ಇಳಿಸುವ ವಾಡಿಕೆಯಿದೆ. ನಾವು ಅದರ ಕಾಲುಭಾಗದ ವೇಗದಲ್ಲಿಯೂ ಇರಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಚಾಲಕರು ರಸ್ತೆಯ ಬದಿಯ ತಂಗುದಾಣವೊಂದಕ್ಕೆ ಬಸ್ಸನ್ನು ತಿರುಗಿಸಿ ನಿಲ್ಲಿಸಿಬಿಟ್ಟರು. ಮಾರ್ಗದರ್ಶಿಯೂ ಅಡ್ಡ ಹೇಳಲಿಲ್ಲ. ಎಲ್ಲರೂ ಇಳಿದು ಚಹಾ ಕುಡಿದೆವು. ಅರ್ಧ ತಾಸಾಯಿತು, ಒಂದು ತಾಸಾಯಿತು, ಬಸ್ಸು ಹೊರಡುವ ಸುಳಿವಿಲ್ಲ. ಬೇರೆ ಕೆಲವು ವಾಹನಗಳು ದೀಪ ಹಾಕಿಕೊಂಡು ಹೋಗುತ್ತಲೇ ಇದ್ದವು. ಪ್ರಯಾಣಿಕರಲ್ಲಿ ಗೊಣಗಾಟ ಆರಂಭವಾಯಿತು.

ಇನ್ನು ಮುಂದಿನದನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ; ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಮಗೆ ತಾಳ್ಮೆ ತಪ್ಪಿತು. ಅಕ್ಕನವರಿಗೆ ಇರುವುದು ಇದೊಂದೇ ದಿನ ಎಂಬುದು ಮನಸ್ಸಿನಲ್ಲಿ ಕುದಿಯುತ್ತಿತ್ತು. ಹರೆಯದಲ್ಲಿ ಪರೀಕ್ಷೆ ಕಟ್ಟಿ ಕಲಿತ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, ನಾಲ್ಕು ಜನರ ಎದುರಿಗೆ, ಆ ಚಾಲಕರನ್ನು ಗದರಿಸಿದೆವು. "ನಾವು ದುಡ್ಡು ಕೊಟ್ಟದ್ದು ಚಹಾದ ಅಂಗಡಿ ನೋಡುವುದಕ್ಕಲ್ಲ. ನಿಮಗೆ ದಾರಿ ಗೊತ್ತಿಲ್ಲದಿದ್ದರೆ ಹಾಗೆಂದು ಹೇಳಿಬಿಡಿ" ಎಂದೆವು.

ಅವರು ಕೈಯಲ್ಲಿದ್ದ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು ಎದ್ದು ನಿಂತರು. "ಬಾಬೂಜಿ, ದಾರಿ ಗೊತ್ತಿದೆ. ಕಾಣುತ್ತಿಲ್ಲ" ಎಂದರು. ಅಷ್ಟೇ.

ನಾವು ಮತ್ತೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕನವರು, "ಶಾಸ್ತ್ರಿಗಳ, ಸುಮ್ಮನಿರ್ರಿ. ಮೂವತ್ತ ವರ್ಷ ಕಾದೇನಿ, ಇನ್ನೊಂದ ತಾಸಿಗೆ ಏನಾಗತೈತಿ?" ಎಂದರು. ನಾವು ಸುಮ್ಮನಾದೆವು. ಆದರೆ ಮನಸ್ಸು ಸುಮ್ಮನಾಗಲಿಲ್ಲ.

ಮಾರ್ಗದರ್ಶಿ ಆ ಹೊತ್ತನ್ನು ವ್ಯರ್ಥ ಮಾಡಲಿಲ್ಲ. ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂಡಿಸಿ, ಕಾಗದದ ಮೇಲೆ ಗೆರೆಯೆಳೆದು ತಾಜಮಹಲಿನ ನಕ್ಷೆಯನ್ನು ವಿವರಿಸಿದರು. ಷಹಜಹಾನನ ರಾಣಿ ಮುಮ್ತಾಜ್ ಮಹಲ್ ತೀರಿಕೊಂಡದ್ದು ಆಗ್ರಾದಲ್ಲಲ್ಲ. 1631ರಲ್ಲಿ ದಖನಿನ ದಂಡಯಾತ್ರೆಯ ಕಾಲಕ್ಕೆ ಬುರ್ಹಾನಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಅಲ್ಲಿಂದ ದೇಹವನ್ನು ಆಗ್ರಾಕ್ಕೆ ತಂದು, 1632ರಲ್ಲಿ ಕಟ್ಟಡದ ಕೆಲಸ ತೊಡಗಿದರು. ಅಮೃತಶಿಲೆ ರಾಜಸ್ಥಾನದ ಮಕರಾನಾದ್ದು. ನಾಲ್ಕು ಮೂಲೆಯ ಮಿನಾರುಗಳು ತುಸು ಹೊರಕ್ಕೆ ವಾಲಿವೆ. ಎಂದಾದರೂ ಬಿದ್ದರೆ ಗೋರಿಯ ಮೇಲೆ ಬೀಳದೆ ಹೊರಗೆ ಬೀಳಲಿ ಎಂಬ ಎಚ್ಚರಿಕೆ ಅದು ಎನ್ನುತ್ತಾರೆ. ಕೊನೆಗೆ ಮಾರ್ಗದರ್ಶಿ, ಇಂದು ಎಲ್ಲವನ್ನೂ ನೋಡಲಾಗದು, ಆಗ್ರಾ ಕೋಟೆಯನ್ನು ಹೊರಗಿನಿಂದ ಮಾತ್ರ ತೋರಿಸಬಲ್ಲೆ, ಒಪ್ಪಿಗೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರೂ ಒಪ್ಪಿದರು.

ಹತ್ತರ ಹೊತ್ತಿಗೆ ಮಂಜು ಕೊಂಚ ತೆಳುವಾಗಿ ಬಸ್ಸು ಹೊರಟಿತು. ಹತ್ತು ಹನ್ನೆರಡು ಮೈಲಿ ಹೋಗಿರಬೇಕು. ರಸ್ತೆಯ ಅಂಚಿನಲ್ಲಿ ಒಂದು ಲಾರಿ, ಅದರ ಹಿಂಬದಿಗೆ ಹೊಕ್ಕು ನಿಂತ ಒಂದು ಕಾರು, ಅದಕ್ಕೆ ಒರಗಿದ ಇನ್ನೊಂದು. ಗಾಜಿನ ಪುಡಿ ನೆಲದ ತುಂಬ. ಪೊಲೀಸರು ಕೈಬೀಸಿ ವಾಹನಗಳನ್ನು ಮುಂದಕ್ಕೆ ಕಳುಹಿಸುತ್ತಿದ್ದರು. ಒಂದು ಮಗುವಿನ ಚಪ್ಪಲಿ ಬಿದ್ದಿತ್ತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಚಾಲಕರು ಹಿಂದಕ್ಕೆ ತಿರುಗಿ ನಮ್ಮನ್ನು ನೋಡಲೂ ಇಲ್ಲ. ನೋಡಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

ಆಗ್ರಾ ಮುಟ್ಟಿದಾಗ ಒಂದು ಗಂಟೆ. ಹೊಗೆಯುಗುಳುವ ವಾಹನಗಳನ್ನು ತಾಜಮಹಲಿನ ಹತ್ತಿರಕ್ಕೆ ಬಿಡುವುದಿಲ್ಲ. ದೂರದಲ್ಲಿ ಇಳಿದು ಬ್ಯಾಟರಿಯ ಗಾಡಿಯಲ್ಲಿ ಹೋಗಬೇಕು. ಸುತ್ತಲಿನ ಕಾರ್ಖಾನೆಗಳ ಹೊಗೆ ಅಮೃತಶಿಲೆಯನ್ನು ಕೆಡಿಸುತ್ತಿದೆ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಲ್ಲಿದ್ದಲು ಸುಡುವ ಉದ್ಯಮಗಳನ್ನು ನಿರ್ಬಂಧಿಸಿ ತೀರ್ಪು ಕೊಟ್ಟಿತು.

ಕೆಂಪುಕಲ್ಲಿನ ಹೆಬ್ಬಾಗಿಲನ್ನು ಹೊಕ್ಕು ಎದುರು ನೋಡಿದರೆ, ಉದ್ಯಾನ ಅರ್ಧದವರೆಗೆ ಕಂಡು ಮುಂದೆ ಏನೂ ಇಲ್ಲ. ಬಿಳಿಯ ಕಟ್ಟಡ ಬಿಳಿಯ ಮಂಜಿನಲ್ಲಿ ಇಲ್ಲವಾಗಿತ್ತು. ಮಾರ್ಗದರ್ಶಿ ನಕ್ಕು, "ಪ್ರತಿದಿನ ಇಲ್ಲಿ ನಿಲ್ಲಿಸಿ ಎದುರಿಗೆ ನೋಡಿ ಎನ್ನುತ್ತೇನೆ. ಇಂದು ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ನಡೆಯುತ್ತ ಹೋಗೋಣ, ಅದೇ ಕಾಣಿಸಿಕೊಳ್ಳುತ್ತದೆ" ಎಂದರು.

ಹಾಗೆಯೇ ಆಯಿತು. ನೀರಿನ ಕಾಲುವೆಯ ಬದಿಯಲ್ಲಿ ಅಕ್ಕನವರ ಕೈ ಹಿಡಿದು ನಡೆದಂತೆ ಮೊದಲು ಒಂದು ನೆರಳು, ಆಮೇಲೆ ಗುಮ್ಮಟದ ಅಂಚು, ಕಮಾನು. ಗೋರಿಯ ವೇದಿಕೆಯ ಮೇಲೆ ಹೋಗಲು 2018ರ ಡಿಸೆಂಬರಿನಿಂದ 200 ರೂಪಾಯಿಗಳ ಪ್ರತ್ಯೇಕ ಶುಲ್ಕವಿದೆ. ಮೆಟ್ಟಿಲು ಹತ್ತಿ ಗೋಡೆಯ ಹತ್ತಿರ ನಿಂತಾಗ ಅಕ್ಕನವರು ಗುಮ್ಮಟವನ್ನು ಮರೆತರು. ಕಲ್ಲಿನಲ್ಲಿ ಕೂಡಿಸಿದ ಹೂಬಳ್ಳಿಗಳನ್ನೇ ನೋಡುತ್ತ ನಿಂತರು. ಅಮೃತಶಿಲೆಯಲ್ಲಿ ಕೂದಲೆಳೆಯಷ್ಟು ಸಂದಿಲ್ಲದಂತೆ ಕೊರೆದು, ನೀಲಿ, ಹಸಿರು, ಕೆಂಪು ಬಣ್ಣದ ಕಲ್ಲುಗಳ ತುಣುಕುಗಳನ್ನು ಕೂಡಿಸುವ ಈ ಕಸುಬಿಗೆ ಪರ್ಚಿನ್‌ಕಾರಿ ಎಂದು ಹೆಸರು. ನೀಲಿಯ ಕಲ್ಲು ಅಫ್ಘಾನಿಸ್ತಾನದಿಂದ ಬಂದುದು. ಮಾರ್ಗದರ್ಶಿ ಸಣ್ಣ ಬ್ಯಾಟರಿಯ ಬೆಳಕನ್ನು ಒಂದು ಕೆಂಪು ಎಸಳಿನ ಮೇಲೆ ಹಿಡಿದರು. ಕಲ್ಲು ಕೆಂಡದಂತೆ ಒಳಗಿನಿಂದ ಹೊಳೆಯಿತು.

ಅಕ್ಕನವರು ಮೆಲ್ಲಗೆ, "ಇವರು ಹುಡುಗರಿಗೆ ಇದನ್ನ ಹೇಳತಿದ್ದರು. ದೂರ ನಿಂತು ಚಿತ್ರ ತಗೀಬ್ಯಾಡ್ರಿ, ಮೊದಲ ಹತ್ತರ ಹೋಗಿ ಒಂದ ಎಲಿ ನೋಡ್ರಿ ಅಂತ" ಎಂದರು. ಕಣ್ಣೊರೆಸಿಕೊಳ್ಳಲಿಲ್ಲ. ಅವರ ಮುಖದಲ್ಲಿ ಸಮಾಧಾನವಿತ್ತು.

ಒಳಗೆ ಕಾಣುವ ಎರಡೂ ಗೋರಿಗಳು ತೋರಿಕೆಯವು. ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಎಡಬಲವೆಲ್ಲ ಸಮನಾಗಿರುವ ಆ ಕಟ್ಟಡದಲ್ಲಿ ರಾಣಿಯ ಗೋರಿ ನಟ್ಟನಡುವೆ ಇದ್ದರೆ, ಆಮೇಲೆ ಬಂದ ಷಹಜಹಾನನದು ಪಕ್ಕಕ್ಕಿದೆ. ವಿಜಯಪುರದ ಸೀಮೆಯವರಾದ ನಮಗೆ ನಮ್ಮ ಗೋಳಗುಮ್ಮಟದ ನೆನಪಾಯಿತು. ಮಹಮ್ಮದ್ ಆದಿಲಶಾಹ 1656ರಲ್ಲಿ ತೀರಿಕೊಂಡು ಅದರೊಳಗೆ ಮಲಗಿದ. ಎರಡೂ ಒಂದೇ ಕಾಲದವು. ಅದರ ಬೃಹತ್ತು ನಮ್ಮನ್ನು ತಲೆಯೆತ್ತಿಸುತ್ತದೆ. ಇದರ ಹೂವು ತಲೆಬಾಗಿಸುತ್ತದೆ.

ಮೂರು ಗಂಟೆಯ ಸುಮಾರಿಗೆ ಬಿಸಿಲು ಬಂದಿತು. ಅರ್ಧ ತಾಸು ಗುಮ್ಮಟ ಪೂರ್ಣವಾಗಿ ಕಂಡಿತು. ಅಕ್ಕನವರು ಒಮ್ಮೆ ತಿರುಗಿ ನೋಡಿ, "ಕ್ಯಾಲೆಂಡರಿನಾಗ ಇದ್ದಂಗ ಐತಿ" ಎಂದು ನಕ್ಕು ಹೊರಟರು.

ಕೋಟೆಯನ್ನು ಮಾತಿನಂತೆ ಹೊರಗಿನಿಂದ ಕಂಡೆವು. ಅಕ್ಬರನು 1565ರಲ್ಲಿ ಆರಂಭಿಸಿದ ಕೆಂಪುಕಲ್ಲಿನ ಕೋಟೆ. 1658ರಲ್ಲಿ ಮಗ ಔರಂಗಜೇಬನು ತಂದೆಯನ್ನು ಅಲ್ಲಿಯೇ ಸೆರೆಯಿಟ್ಟನು. ಎಂಟು ವರ್ಷ ಷಹಜಹಾನನು ಅದರೊಳಗಿಂದಲೇ ಯಮುನೆಯ ದಂಡೆಯ ಗುಮ್ಮಟವನ್ನು ಕಾಣುತ್ತ, 1666ರಲ್ಲಿ ಕಣ್ಮುಚ್ಚಿದನು. ಅದೇ ವರ್ಷ ಛತ್ರಪತಿ ಶಿವಾಜಿಯು ಔರಂಗಜೇಬನ ಕಾವಲಿನಿಂದ ತಪ್ಪಿಸಿಕೊಂಡು ಹೋದದ್ದೂ ಈ ಆಗ್ರಾದಿಂದಲೇ.

ಮರಳುವಾಗ ರಾತ್ರಿಯ ಮಂಜು ಮತ್ತೆ ಇಳಿಯುತ್ತಿತ್ತು. ದೆಹಲಿಯಲ್ಲಿ ಇಳಿದಾಗ ಹನ್ನೊಂದು ಹೊಡೆದಿತ್ತು. ಉಳಿದವರು ಹೋಗುವವರೆಗೆ ಕಾದು, ನಾವು ಚಾಲಕರ ಬಳಿಗೆ ಹೋಗಿ ಕೈಮುಗಿದೆವು. "ಬೆಳಿಗ್ಗೆ ನಾಲ್ಕು ಜನರೆದುರು ಬೈದೆವು. ತಪ್ಪು ನಮ್ಮದು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದೆವು. ಆ ಹಿರಿಯ ನಮ್ಮ ಕೈಗಳನ್ನು ಹಿಡಿದುಕೊಂಡು, "ಬಾಬೂಜಿ, ಈ ಎರಡು ತಿಂಗಳು ದಿನಕ್ಕೊಬ್ಬರಾದರೂ ಬೈಯುತ್ತಾರೆ. ಬೈದವರು ಮನೆ ಸೇರಿದರೆ ನನಗೆ ಸಾಕು" ಎಂದರು.

ಆ ರಾತ್ರಿ ನಮಗೆ ಬೇಗ ನಿದ್ರೆ ಬರಲಿಲ್ಲ. ಮಠದ ಅನ್ನವುಂಡು, ಮಠದಲ್ಲಿ ಓದಿ, ನಲವತ್ತು ವರ್ಷ ವೇದಿಕೆಗಳ ಮೇಲೆ ಕಾಯಕದ ಹಿರಿಮೆಯನ್ನು ಹೇಳುತ್ತ ಬಂದಿದ್ದೇವೆ. ಕಾಯಕವೆಂದರೆ ಕೆಲಸ ಮಾಡುವುದು ಎಂದು ವಿವರಿಸಿದ್ದೇವೆ. ಮಾಡಬಾರದ ಹೊತ್ತಿನಲ್ಲಿ, ಬೈಗುಳ ತಿಂದರೂ, ಮಾಡದೆ ನಿಲ್ಲುವುದೂ ಕಾಯಕವೇ ಎಂಬುದನ್ನು ಆ ಚಾಲಕರು ಆಚರಿಸಿ ತೋರಿಸಿದರು. ದಾರಿ ಗೊತ್ತಿದೆ, ಕಾಣುತ್ತಿಲ್ಲ ಎಂಬ ಅವರ ಮಾತನ್ನು ನಾವು ಯಾವ ಸಭೆಯಲ್ಲಿಯಾದರೂ, ಯಾವ ಪ್ರಶ್ನೆಗಾದರೂ ಒಮ್ಮೆಯಾದರೂ ಹೇಳಿದ್ದೇವೆಯೇ? ಕಾಣದಿದ್ದಾಗಲೂ ಕಂಡವರಂತೆ ಮುಂದೆ ನಡೆದು, ನಂಬಿದವರನ್ನು ಹಿಂದೆ ಕರೆದೊಯ್ದ ಸಂದರ್ಭಗಳೇ ನೆನಪಾದವು.

ಚಳಿಗಾಲದಲ್ಲಿ ಉತ್ತರಕ್ಕೆ ಹೋಗುವ ಸದ್ಭಕ್ತ ಬಂಧುಗಳಿಗೆ ಎರಡು ಮಾತು. ದೆಹಲಿಯಿಂದ ಆಗ್ರಾಕ್ಕೆ ಹೋಗುವುದಾದರೆ ಶುಕ್ರವಾರವನ್ನು ಬಿಡಿ. ಡಿಸೆಂಬರ್, ಜನವರಿಗಳಲ್ಲಿ ಅದೇ ರಾತ್ರಿಯ ರೈಲನ್ನು ನಂಬಿ ಹೊರಡಬೇಡಿ; ನಡುವೆ ಒಂದು ದಿನ ಬಿಡುವಿರಲಿ. ಉಣ್ಣೆಯ ಬಟ್ಟೆ, ಒಂದು ಹೊತ್ತಿನ ಬುತ್ತಿ, ನಿತ್ಯದ ಔಷಧಿ ಜೊತೆಗಿರಲಿ. ಬಸ್ಸು ನಿಂತರೆ ಚಾಲಕರನ್ನು ಗದರಿಸಬೇಡಿ, ಒಂದು ಕುಡಿಕೆ ಚಹಾ ಕೊಡಿಸಿರಿ.

ಊರಿಗೆ ಮರಳಿದ ಮೇಲೆ ಅಕ್ಕನವರ ಮನೆಗೆ ಹೋಗಿದ್ದೆವು. ಪಡಸಾಲೆಯ ಚಿತ್ರ ಇದ್ದಲ್ಲಿಯೇ ಇತ್ತು. ಅದರ ಕಟ್ಟಿನ ಅಂಚಿನಲ್ಲಿ ಅಂದಿನ ಪ್ರವೇಶದ ಚೀಟಿಯನ್ನು ಸಿಕ್ಕಿಸಿದ್ದರು.