ಬೀಗದ ಕೈ ಯಾರ ಕೈಯಲ್ಲಿ?

ಹೊಸ ಬೀಗ ಕೊಂಡರೆ ಅದರ ಜೊತೆ ಎರಡೋ ಮೂರೋ ಬೀಗದ ಕೈ ಬರುತ್ತವೆ. ಒಂದು ಯಜಮಾನರ ಜೇಬಿಗೆ ಹೋಗುತ್ತದೆ, ಇನ್ನೊಂದು ಯಜಮಾನಿಯ ಬ್ಯಾಗಿಗೆ. ಮೂರನೆಯದರ ಗತಿ ಏನು? ನಮಗೆ ಗೊತ್ತಿರುವ ಹೆಚ್ಚಿನ ಮನೆಗಳಲ್ಲಿ ಅದು ಬೀರುವಿನ ಒಳಖಾನೆಯಲ್ಲಿ, ಹಳೆಯ ಪಾಸ್‌ಬುಕ್ಕುಗಳ ನಡುವೆ ಭದ್ರವಾಗಿರುತ್ತದೆ. ಅಂದರೆ ಬೀಗ ಹಾಕಿದ ಮನೆಯ ಒಳಗೇ ಇರುತ್ತದೆ. ಹೊರಗೆ ನಿಂತು ಬಾಗಿಲನ್ನೇ ನೋಡುತ್ತಿರುವವರಿಗೆ ಅದರಿಂದ ಕವಡೆ ಕಾಸಿನ ಉಪಯೋಗವೂ ಇಲ್ಲ.

ನಾವು ಓದಿದ ಉರ್ದು ಶಾಲೆಯ ಪಾಠದಲ್ಲಿ ಇದು ಕುಂಜಿ, ಮನೆಯ ಮಾತಿನಲ್ಲಿ ಚಾಬಿ. ಈ ಚಾಬಿ ಪೋರ್ಚುಗೀಸರ ಭಾಷೆಯಿಂದ ನಮ್ಮಲ್ಲಿಗೆ ಬಂದ ಪದ. ಉತ್ತರ ಕರ್ನಾಟಕದ ಕಡೆ ಕೀಲಿಕೈ ಎನ್ನುತ್ತಾರೆ, ಈ ಕಡೆ ಬೀಗದ ಕೈ. ಕನ್ನಡದ ಪದದೊಳಗಿನ ಆ 'ಕೈ' ನಮಗೆ ಯಾವಾಗಲೂ ಇಷ್ಟ. ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಡುವುದೆಂದರೆ ನಮ್ಮದೇ ಒಂದು ಕೈಯನ್ನು ಅವರ ಬಳಿ ಬಿಟ್ಟು ಹೋದ ಹಾಗೆ. ಅದೇ ಕನ್ನಡದಲ್ಲಿ 'ಕೈ ಕೊಟ್ಟ' ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ಈ ಎರಡು ಅರ್ಥಗಳ ನಡುವೆ ನಾವೆಲ್ಲ ಬದುಕುತ್ತಿದ್ದೇವೆ.

ನಾವು ಬೆಳೆದದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹೊಗೆ ಬಡಿಯುವ ಒಂದು ಓಣಿಯಲ್ಲಿ. ಅಲ್ಲಿ ಬೀಗ ಹಾಕುವ ಪ್ರಸಂಗವೇ ಕಡಿಮೆ. ಹಗಲು ಬಾಗಿಲು ತೆರೆದೇ ಇರುತ್ತಿತ್ತು, ರಾತ್ರಿ ಒಳಗಿನಿಂದ ಅಗುಳಿ ಬೀಳುತ್ತಿತ್ತು. ಮದುವೆಗೋ ಮಯ್ಯತ್ತಿಗೋ ಊರಿಗೆ ಹೊರಟಾಗ ಮಾತ್ರ ಕೊಂಡಿಗೆ ಬೀಗ ಬೀಳುತ್ತಿತ್ತು, ಬೀಗದ ಕೈ ಎದುರು ಮನೆಯ ಅಜ್ಜಿಯ ಸೆರಗಿನ ಗಂಟು ಸೇರುತ್ತಿತ್ತು.

"ಅವ್ವಾ, ನಲ್ಲಿ ಬಂದ್ರೆ ಎರಡು ಕೊಡ ಹಿಡಿದಿಡ್ರಿ" ಎಂದು ನಮ್ಮ ಅಮ್ಮಿ ಹೇಳುತ್ತಿದ್ದರು. "ನೀ ಹೋಗಿ ಬಾರಮ್ಮ ತಂಗೀ, ನೀರಿನ ಚಿಂತಿ ನಿನಗ್ಯಾಕೆ" ಎಂದು ಅಜ್ಜಿ ಕಳಿಸಿಕೊಡುತ್ತಿದ್ದರು. ಆ ಅಜ್ಜಿ ಮಡಿಯವರು. ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವರಲ್ಲ. ಆದರೆ ನಾವಿಲ್ಲದಾಗ ನಮ್ಮ ಅಡುಗೆಮನೆಗೆ ಹೋಗಿ ನಮ್ಮ ಕೊಡಗಳನ್ನು ತುಂಬಿಸಿಡುತ್ತಿದ್ದರು. ಆ ಕಾಲ ಬಂಗಾರದ ಕಾಲವಾಗಿತ್ತು ಎಂದು ಹೇಳಲು ನಾವು ಸಿದ್ಧರಿಲ್ಲ. ಕುಡಿಯದ ನೀರಿನ ನೋವು ಅಮ್ಮಿಗೆ ಇದ್ದೇ ಇತ್ತು. ಆದರೆ ಆ ನೋವನ್ನು ಇಟ್ಟುಕೊಂಡೇ ಬೀಗದ ಕೈ ಕೊಡಲು ಸಾಧ್ಯವಾಗುತ್ತಿತ್ತು ಎಂಬುದು ಮುಖ್ಯ.

1992ರ ಡಿಸೆಂಬರ್‌ನಲ್ಲಿ, ಬಾಬರಿ ಮಸೀದಿ ಬಿದ್ದ ಆ ದಿನಗಳಲ್ಲಿ, ಹಿರಿಯರು ನಮ್ಮನ್ನೆಲ್ಲ ಕಟ್ಟಿಕೊಂಡು ತಾಯಿಯ ತವರಿಗೆ ಹೋದರು. ಎರಡು ವಾರ ಬಿಟ್ಟು ಬಂದಾಗ ನಮ್ಮ ಬಾಗಿಲಿಗೆ ಒಂದರ ಬದಲು ಎರಡು ಬೀಗ ನೇತಾಡುತ್ತಿದ್ದವು. ಎರಡನೆಯದು ಅಜ್ಜಿಯ ಮನೆಯದು. "ಯಾರಾದರೂ ಕೇಳಿದ್ರೆ ಈ ಮನಿ ನಂದೇ ಅನ್ನಾಣ ಅಂತ ನನ್ನ ಬೀಗಾನೂ ಜಡಿದೆ" ಎಂದರು. ಅಪ್ಪ ಏನೂ ಮಾತಾಡಲಿಲ್ಲ. ಎರಡೂ ಬೀಗ ತೆಗೆದು, ಅವರದನ್ನು ಒರೆಸಿ ಅವರ ಕೈಗೆ ಕೊಟ್ಟರು.

ಈಗ ನಾವಿರುವುದು ಬೇರೆ ಊರಿನ ಹೊಸ ಬಡಾವಣೆಯಲ್ಲಿ. ಇಲ್ಲಿ ಮನೆ ಹುಡುಕುವಾಗ ಬಾಡಿಗೆ ಎಷ್ಟು ಎಂದು ನಾವು ಕೇಳುವ ಮೊದಲೇ ನಮ್ಮ ಹೆಸರೇನು ಎಂದು ಅವರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಹಲವು ಮನೆಗಳು ಇದ್ದಕ್ಕಿದ್ದಂತೆ ಬೇರೆಯವರಿಗೆ ಗೊತ್ತಾಗಿಬಿಡುತ್ತಿದ್ದವು. ಕೊನೆಗೆ ಸಿಕ್ಕ ಮನೆಯ ಬಾಗಿಲಿಗೆ ತಾನಾಗಿಯೇ ಬೀಳುವ ನೈಟ್ ಲ್ಯಾಚ್ ಇತ್ತು. ಹೊರಗಿನಿಂದ ಎಳೆದರೆ ಸಾಕು, ಬೀಗ. ಗಾಳಿ ಎಳೆದರೂ ಬೀಗವೇ.

ಒಂದು ಆಷಾಢದ ದಿನ ಗಾಳಿಯೇ ಎಳೆಯಿತು. ಅಮ್ಮಿ ಬಟ್ಟೆ ಹರವಲು ಹೊರಗೆ ಬಂದಿದ್ದರು, ಒಳಗೆ ಒಲೆಯ ಮೇಲೆ ಬೇಳೆ ಇತ್ತು. ನಾವೆಲ್ಲ ಕೆಲಸದಲ್ಲಿ, ಮಕ್ಕಳು ಶಾಲೆಯಲ್ಲಿ. ಯಾರದೋ ಫೋನಿನಿಂದ ಸುದ್ದಿ ತಲುಪಿ, ಕೀ ಮಾಡುವವನನ್ನು ಹುಡುಕಿ ಕರೆತರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಕುಕ್ಕರಿನ ಸುರಕ್ಷಾ ಬಿಲ್ಲೆ ಕರಗಿ, ಬೇಳೆ ಸೀದು, ಹೊಗೆ ಕಿಟಕಿಯಿಂದ ಬರುತ್ತಿತ್ತು. ಅವನು ಬರಲು ಒಂದೂವರೆ ಗಂಟೆ ಹಿಡಿಯಿತು, ಬಾಗಿಲು ತೆಗೆಯಲು ಐದು ನಿಮಿಷ. ಎರಡನೆಯ ಲೆಕ್ಕವೇ ನಮ್ಮನ್ನು ಹೆಚ್ಚು ಹೆದರಿಸಿತು.

ಅಂದಿನಿಂದ ಮೂರನೆಯ ಬೀಗದ ಕೈಗೆ ಜಾಗ ಹುಡುಕುವ ಕೆಲಸ ಶುರುವಾಯಿತು. ಕಾಲೊರಸಿನ ಅಡಿ, ಹೂವಿನ ಕುಂಡದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಳೆಯ ಬೂಟಿನೊಳಗೆ, ಕರೆಂಟ್ ಮೀಟರಿನ ಪೆಟ್ಟಿಗೆ, ಬಾಗಿಲ ಚೌಕಟ್ಟಿನ ಮೇಲೆ. ಮನೆಯವರು ಒಬ್ಬೊಬ್ಬರೂ ಒಂದೊಂದು ಜಾಗ ಸೂಚಿಸಿದರು. ಕೊನೆಯ ಮಗಳು ಮಾತ್ರ ಕೇಳಿದಳು: "ನಮಗೆಲ್ಲ ಹೊಳೆದದ್ದು ಕಳ್ಳನಿಗೆ ಹೊಳೆಯಲ್ವಾ?" ಅವಳ ಮಾತಿನಲ್ಲಿ ತಪ್ಪೇನಿದೆ? ಕಳ್ಳನೂ ಒಂದು ಮನೆಯಲ್ಲಿ ಬೆಳೆದವನೇ. ಅವನ ತಾಯಿಯೂ ಕುಂಡದ ಕೆಳಗೇ ಕೀ ಇಟ್ಟಿರುತ್ತಾಳೆ.

ಗೋಡೆಗೆ ಬಿಗಿಯುವ ನಂಬರಿನ ಪೆಟ್ಟಿಗೆಗಳು ಈಗ ಸಿಗುತ್ತವೆ. ನಂಬರ್ ಹೊಂದಿಸಿದರೆ ತೆರೆದುಕೊಂಡು ಒಳಗಿನ ಕೀ ಕೊಡುತ್ತವೆ. ಗಟ್ಟಿಯಾದದ್ದನ್ನು ಕೊಂಡು, ರಸ್ತೆಗೆ ಕಾಣದ ಕಡೆ ಗೋಡೆಗೆ ಸರಿಯಾಗಿ ಬಿಗಿದು, ಕಂಪನಿ ಇಟ್ಟ ನಂಬರನ್ನು ಬದಲಿಸಿದರೆ ಅವು ಉಪಯೋಗಕ್ಕೆ ಬರುತ್ತವೆ. ಹುಟ್ಟಿದ ಇಸವಿ, ಮನೆ ನಂಬರ್ ಇಡಬಾರದು ಅಷ್ಟೆ. ಬೆರಳಚ್ಚಿನ ಬೀಗಗಳೂ ಬಂದಿವೆ. ಆದರೆ ಅವುಗಳ ಬ್ಯಾಟರಿ ಮುಗಿಯುತ್ತದೆ. ಅಂಥ ಹೊತ್ತಿಗೆಂದು ಎಷ್ಟೋ ಬೀಗಗಳ ಜೊತೆ ಒಂದು ಸಾಧಾರಣ ಕೀಯನ್ನೂ ಕೊಟ್ಟಿರುತ್ತಾರೆ. ಆ ಕೀ ಎಲ್ಲಿಡುವುದು? ಮತ್ತೆ ಹಳೆಯ ಪ್ರಶ್ನೆಯೇ.

ನಮ್ಮ ಪ್ರಶ್ನೆಗೆ ಉತ್ತರ ಪಕ್ಕದ ಮನೆಯಿಂದ ಬಂತು. ಅಲ್ಲಿರುವವರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಮಗಳು ಪುಣೆಯಲ್ಲಿದ್ದಾಳೆ. ಅಮ್ಮಿ ಬಿಸಿಲಿನಲ್ಲಿ ನಿಂತದ್ದು ಆ ದಿನ ಊರಲ್ಲಿಲ್ಲದ ಅವರಿಗೆ ಆಮೇಲೆ ತಿಳಿಯಿತು. ಮೇಷ್ಟ್ರು ಸಂಜೆ ಬಂದು, "ನಿಮ್ಮದೊಂದು ಕೀ ನಮ್ಮಲ್ಲಿರಲಿ, ನಮ್ಮದೊಂದು ನಿಮ್ಮಲ್ಲಿರಲಿ. ನಮಗೂ ವಯಸ್ಸಾಯಿತು, ಒಳಗೆ ಬಿದ್ದರೆ ಬಾಗಿಲು ತೆಗೆಯುವವರು ಬೇಕಲ್ಲ" ಎಂದರು. ಅವರ ಕೀ ನಮ್ಮ ಮನೆಗೆ ಬಂದದ್ದು ಹಾಗೆ.

ಸಂತೋಷವಾಯಿತು ಎಂದರೆ ಪೂರ್ತಿ ಸತ್ಯವಲ್ಲ. ಭಯವೂ ಆಯಿತು. ನಮ್ಮ ಕೀ ಅವರಲ್ಲಿರುವುದು ಹಗುರ, ಅವರ ಕೀ ನಮ್ಮಲ್ಲಿರುವುದು ಭಾರ. ನಾಳೆ ಆ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಜನ ಯಾವ ಕಡೆ ನೋಡುತ್ತಾರೆ ಎಂಬುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಆ ನಾಳೆ ಬಂದೇಬಂತು. ಅವರು ಪುಣೆಗೆ ಹೋಗಿದ್ದಾಗ ಹಿತ್ತಲ ಬಾಗಿಲು ಮುರಿದು ಕಳ್ಳರು ನುಗ್ಗಿದರು. ಬೆಳಿಗ್ಗೆ ನೋಡಿ ಫೋನ್ ಮಾಡಿದವರೂ ನಾವೇ. ವಿಚಾರಣೆಗೆ ಬಂದ ಪೊಲೀಸಿನವರು, ಕೀ ಯಾರ ಹತ್ತಿರ ಇತ್ತು ಎಂದು ಕೇಳಿದರು. ಹೇಳಿದೆವು. ಹೆಸರು ಬರೆದುಕೊಂಡರು. ಇನ್ನೊಮ್ಮೆ ಕೇಳಿದರು. ಓಡಿ ಬಂದಿದ್ದ ಮೇಷ್ಟ್ರ ಸಂಬಂಧಿಕರೊಬ್ಬರು, "ಇವರ ಹತ್ತಿರ ಯಾಕೆ ಕೊಟ್ಟಿರಿ?" ಎಂದು ನಮ್ಮೆದುರಿಗೇ ಕೇಳಿಬಿಟ್ಟರು. ಮೇಷ್ಟ್ರು ದನಿ ಎತ್ತಲಿಲ್ಲ. ತರಗತಿಯಲ್ಲಿ ಲೆಕ್ಕ ಬಿಡಿಸುವವರಂತೆ ಹೇಳಿದರು: "ಕಳ್ಳ ಹಿಂದಿನ ಬಾಗಿಲು ಮುರಿದಿದ್ದಾನೆ. ಮುಂದಿನ ಬಾಗಿಲ ಕೀ ಇದ್ದವರು ಹಿಂದಿನದನ್ನು ಯಾಕೆ ಮುರಿಯುತ್ತಾರೆ?"

ಆ ರಾತ್ರಿ ನಾವು ಕೀ ಹಿಂತಿರುಗಿಸಲು ಹೋದೆವು. ಅವರು ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ಮಾತಾದ ಮೇಲೆ ಅಮ್ಮಿ ಒಂದು ದಾರಿ ಹೇಳಿದರು. ಕೀಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಮೇಷ್ಟ್ರು ಸಹಿ ಮಾಡಿ ಕೊಡಬೇಕು. ಊರಿಂದ ಬಂದಾಗಲೆಲ್ಲ ಲಕೋಟೆ ನೋಡಬೇಕು. "ನಮ್ಮ ನಿಮ್ಮ ನಡುವೆ ಲಕೋಟೆ ಯಾಕಮ್ಮ?" ಎಂದು ಮೇಷ್ಟ್ರು ನೊಂದುಕೊಂಡರು. "ನಮಗಲ್ಲ ಮೇಷ್ಟ್ರೇ, ಕೇಳುವವರಿಗೆ" ಎಂದರು ಅಮ್ಮಿ.

ಅಮ್ಮಿ ಓದಿದವರಲ್ಲ, ಆದರೆ ಅಮಾನತ್ ಎಂಬ ಪದದ ತೂಕ ಅವರಿಗೆ ಗೊತ್ತು. ಒಬ್ಬರು ನಂಬಿ ಒಪ್ಪಿಸಿದ ವಸ್ತುವೇ ಅಮಾನತ್. ಅದನ್ನು ಕೇಳಿದಾಗ ಇದ್ದ ಹಾಗೆಯೇ ಹಿಂತಿರುಗಿಸಬೇಕು. ಇಟ್ಟುಕೊಂಡವನ ಅಲಕ್ಷ್ಯವಿಲ್ಲದೆ ಅದು ನಷ್ಟವಾದರೆ ಅವನ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದೂ ಧರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಅಂದರೆ ಕೊಟ್ಟವನಿಗೆ ಇರುವಂತೆ ಕಾಯುವವನಿಗೂ ರಕ್ಷಣೆ ಇದೆ.

ಕ್ರಿ.ಶ. 630ರಲ್ಲಿ ಮಕ್ಕಾ ವಶವಾದಾಗ ಪ್ರವಾದಿ ಮುಹಮ್ಮದ್ (ಸ) ಕಾಬಾದ ಬೀಗದ ಕೈ ತರಿಸಿಕೊಂಡರು. ಅದನ್ನು ತಮ್ಮ ಮನೆತನಕ್ಕೆ ಕೊಡಬೇಕೆಂದು ಹತ್ತಿರದವರು ಬಯಸಿದ್ದೂ ಉಂಟು. ಆದರೆ ಪ್ರವಾದಿಯವರು ಹಿಂದಿನಿಂದ ಅದನ್ನು ಕಾಯುತ್ತಿದ್ದ ಮನೆತನದ ಉಸ್ಮಾನ್ ಬಿನ್ ತಲ್ಹಾ ಅವರಿಗೇ ಮರಳಿಸಿದರು. ಇಂದಿಗೂ ಅದು ಅದೇ ಮನೆತನದಲ್ಲಿದೆ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಇದೆಯೆಂದು ಕ್ರೈಸ್ತರು ನಂಬುವ ಇಗರ್ಜಿಯ ಕತೆ ಇನ್ನೂ ವಿಶೇಷ. ಅಲ್ಲಿ ಹಲವು ಕ್ರೈಸ್ತ ಪಂಗಡಗಳು ಪೂಜೆ ಸಲ್ಲಿಸುತ್ತವೆ. ಮುಖ್ಯ ಬಾಗಿಲ ಬೀಗದ ಕೈ ಮಾತ್ರ ಶತಮಾನಗಳಿಂದ ಜೂದೆ ಎಂಬ ಮುಸ್ಲಿಂ ಮನೆತನದಲ್ಲಿದೆ, ಬಾಗಿಲು ತೆರೆಯುವುದು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನ. ಒಬ್ಬರಲ್ಲಿ ಕೀ, ಇನ್ನೊಬ್ಬರಲ್ಲಿ ತೆರೆಯುವ ಹಕ್ಕು. ನಂಬಿಕೆಗೆ ಒಂದಿಷ್ಟು ಏರ್ಪಾಟು ಬೇಕು ಎಂಬುದು ಅಮ್ಮಿಯ ಲಕೋಟೆಗಿಂತ ಬಹಳ ಹಳೆಯ ವಿವೇಕ.

ಆದ್ದರಿಂದ ಓದುಗರಿಗೆ ಹೇಳುವುದಿಷ್ಟು. ಡೂಪ್ಲಿಕೇಟ್ ಮಾಡಿಸುವಾಗ ಅಸಲು ಕೀಯನ್ನೇ ಒಯ್ಯಿರಿ, ನಕಲಿನ ನಕಲು ಎಷ್ಟೋ ಸಲ ಸರಿಯಾಗಿ ತಿರುಗುವುದಿಲ್ಲ. ಮಾಡಿಸಿದ್ದನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಬೀಗಕ್ಕೆ ಹಾಕಿ ನೋಡಿ. ಕೀಗೆ ವಿಳಾಸದ ಚೀಟಿ ಕಟ್ಟಬೇಡಿ. ಒಳಗಿನಿಂದ ಬೀಗದಲ್ಲಿ ಕೀ ಸಿಕ್ಕಿಸಿಡಬೇಡಿ, ಎಷ್ಟೋ ಬೀಗಗಳಲ್ಲಿ ಆಗ ಹೊರಗಿನ ಕೀ ಕೆಲಸ ಮಾಡುವುದಿಲ್ಲ. ಕೀ ಕಳೆದರೆ ಬೀಗ ಬದಲಿಸಿ. ಬಾಡಿಗೆ ಮನೆಗೆ ಹೋದರೆ, ಹಿಂದಿನವರಲ್ಲಿ ಎಷ್ಟು ಕೀ ಇದ್ದವೋ ಯಾರಿಗೆ ಗೊತ್ತು, ಮಾಲೀಕರನ್ನು ಕೇಳಿ ಬೀಗ ಬದಲಿಸಿಕೊಳ್ಳಿ. ಇಷ್ಟೆಲ್ಲ ಆದ ಮೇಲೆ ಒಂದು ಕೀಯನ್ನು, ನಡೆದು ಹೋಗುವಷ್ಟು ಹತ್ತಿರ ಇರುವ ಒಬ್ಬ ಮನುಷ್ಯನಿಗೆ ಕೊಡಿ. ಲಕೋಟೆಯಲ್ಲಿ ಹಾಕಿಯೇ ಕೊಡಿ, ಅವರದನ್ನೂ ಕೇಳಿ ಪಡೆಯಿರಿ.

ಕೊಡಲು ಯಾರೂ ಇಲ್ಲ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಹಾಗೆನ್ನುವವರು ನಮ್ಮಲ್ಲೂ ಇದ್ದಾರೆ, ಅವರಲ್ಲೂ ಇದ್ದಾರೆ. ನಮ್ಮವರು ನಮ್ಮ ಮೊಹಲ್ಲಾದಲ್ಲಿ, ಅವರವರು ಅವರ ಲೇಔಟಿನಲ್ಲಿ ಇರುವುದೇ ಕ್ಷೇಮ ಎಂಬ ಮಾತು ಎರಡೂ ಕಡೆ ಕೇಳುತ್ತಿದೆ. ಹಾಗೆ ಇದ್ದರೆ ಬಾಗಿಲು ಭದ್ರವಾಗಬಹುದು. ಆದರೆ ಗಾಳಿಗೆ ಬಾಗಿಲು ಬಿದ್ದ ದಿನ ಎದುರು ಮನೆಯ ಬಾಗಿಲು ತಟ್ಟುವಾಗ ಹೆಸರು ನೆನೆದು ಹಿಂಜರಿಯಬೇಕಾಗುತ್ತದೆ. ಬೀಗ ಮಾಡುವವರು ಅಲಿಗಢದವರೇ ಇರಲಿ, ದಿಂಡಿಗಲ್ಲಿನವರೇ ಇರಲಿ, ಅದಕ್ಕೆ ಅವರ ಬಳಿ ಮದ್ದಿಲ್ಲ.

ಮೇಷ್ಟ್ರು ಮನೆ ಮಾರಿ ಮಗಳ ಬಳಿ ಹೋಗುವ ಯೋಚನೆಯಲ್ಲಿದ್ದಾರೆ. ನೋಡಲು ಬಂದವರಲ್ಲಿ ಒಬ್ಬರು, ಪಕ್ಕದವರು ಯಾರು ಎಂದು ಕೇಳಿದರಂತೆ. ಮೇಷ್ಟ್ರು ನಮ್ಮ ಹೆಸರು ಹೇಳಿ, "ನಮ್ಮ ಇನ್ನೊಂದು ಕೀ ಅವರ ಹತ್ತಿರ ಇದೆ, ಮನೆ ಕೊಂಡರೆ ಅವರಿಂದಲೇ ಇಸಿದುಕೊಳ್ಳಿ" ಎಂದರಂತೆ. ಬಂದವರು ಸುಮ್ಮನಾದರಂತೆ. ಅವರು ಕೊಳ್ಳುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ. ಲಕೋಟೆ ನಮ್ಮ ಬೀರುವಿನಲ್ಲಿದೆ.